ತಂತಿಯಿಲ್ಲದ ಹೆಡ್‌ಫೋನ್: ಕಿವಿ ಒಪ್ಪುವಂಥದ್ದನ್ನು ಆರಿಸಲು 11 ಸೂತ್ರಗಳು

ನನ್ನ ಮೊದಲ ವೈರ್‌ಲೆಸ್ ಇಯರ್‌ಬಡ್ಸ್ ಕೊಂಡದ್ದು ಪೆಟ್ಟಿಗೆಯ ಮೇಲಿನ ಬರಹ ನಂಬಿ. 50 ಗಂಟೆ ಬ್ಯಾಟರಿ, 13 ಮಿಲಿಮೀಟರ್ ಡ್ರೈವರ್, ಡೀಪ್ ಬಾಸ್, ಇಎನ್‌ಸಿ, ಎಲ್ಲವೂ ದಪ್ಪಕ್ಷರದಲ್ಲಿತ್ತು. ಆ ರಾತ್ರಿಯೇ ಮೆಜೆಸ್ಟಿಕ್‌ನಲ್ಲಿ ಧಾರವಾಡದ ಬಸ್ಸು ಹತ್ತಿ ಮಲ್ಲಿಕಾರ್ಜುನ ಮನ್ಸೂರರ ಗಾಯನ ಹಾಕಿಕೊಂಡೆ. ತುಮಕೂರು ದಾಟುವಷ್ಟರಲ್ಲಿ ಇಂಜಿನ್ನಿನ ಗುಂಯ್‌ಗುಟ್ಟುವಿಕೆಯಲ್ಲಿ ತಂಬೂರಿ ಮುಳುಗಿಹೋಯಿತು. ವಾಲ್ಯೂಮ್ ಏರಿಸಿದೆ. ಚಿತ್ರದುರ್ಗದ ಹೊತ್ತಿಗೆ ಮತ್ತೆ ಏರಿಸಿದೆ. ಹಾವೇರಿಯಲ್ಲಿ ಬಸ್ಸು ನಿಂತು ಇಂಜಿನ್ ಆರಿದರೂ ಕಿವಿಯೊಳಗಿನ ಕುಂಯ್ ಸದ್ದು ಆರಲಿಲ್ಲ.

ಅಂದು ಹೆದರಿದ್ದು ಒಳ್ಳೆಯದೇ ಆಯಿತು. ಹೊರಗಿನ ಗದ್ದಲ ಕಿವಿಗೆ ಎಷ್ಟು ಕಡಿಮೆ ನುಗ್ಗುತ್ತದೋ ಅಷ್ಟು ವಾಲ್ಯೂಮ್ ತಗ್ಗಿಸಬಹುದು. ತಗ್ಗಿಸಿದಷ್ಟೂ ಸಂಗೀತದ ಸೂಕ್ಷ್ಮ ಕೇಳುತ್ತದೆ, ಕಿವಿಯೂ ಬಾಳುತ್ತದೆ. ಆಮೇಲೆ ನೆಂಟರಿಗೆ, ಗೆಳೆಯರಿಗೆ ಹೆಡ್‌ಫೋನ್ ಕೊಡಿಸುವಾಗೆಲ್ಲ ಈ ಎಳೆಯನ್ನೇ ಹಿಡಿದು ನಡೆದಿದ್ದೇನೆ.

1. ಮೊದಲು ಜಾಗ ಗೊತ್ತುಮಾಡಿಕೊಳ್ಳಿ, ಮಾದರಿ ಆಮೇಲೆ

ಎಲ್ಲಿ ಕೂತು ಕೇಳುತ್ತೀರಿ? ರಾತ್ರಿ ಬಸ್ಸಿನಲ್ಲೋ, ಕಚೇರಿಯ ಮೇಜಿನಲ್ಲೋ, ಅಡುಗೆಮನೆಯಲ್ಲೋ, ಬೆಳಗಿನ ವಾಕಿಂಗ್‌ನಲ್ಲೋ? ಹೆಚ್ಚು ಗಂಟೆ ಕಳೆಯುವ ಜಾಗ ಒಂದನ್ನು ಹೇಳಿ, ಅದಕ್ಕೆ ತಕ್ಕದ್ದನ್ನು ಕೊಳ್ಳಿ. ಗಂಟೆಗಟ್ಟಲೆ ಮೀಟಿಂಗ್ ಇರುವವರಿಗೆ ಕಿವಿಯನ್ನು ಪೂರ್ತಿ ಮುಚ್ಚುವ ಓವರ್‌ಇಯರ್ ಒಳ್ಳೆಯದು. ಆದರೆ ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಎಸಿ ಇಲ್ಲದ ಕೋಣೆಯಲ್ಲಿ ಅದನ್ನು ಹಾಕಿಕೊಂಡರೆ ಅರ್ಧ ಗಂಟೆಗೆ ಕಿವಿ ಬೆವೆತು ತೊಯ್ಯುತ್ತದೆ. ದಿನವಿಡೀ ಓಡಾಡುತ್ತ ಕರೆ ಸ್ವೀಕರಿಸುವವರಿಗೆ ನಾನು ಇಂದಿಗೂ ನೆಕ್‌ಬ್ಯಾಂಡನ್ನೇ ಹೇಳುತ್ತೇನೆ. ಕಳೆದುಹೋಗುವುದಿಲ್ಲ, ಬ್ಯಾಟರಿ ದೊಡ್ಡದು, ಬೆಲೆ ಕಡಿಮೆ. ಫ್ಯಾಷನ್ ಹೋಯಿತೆಂದು ಅದನ್ನು ಕಡೆಗಣಿಸಬೇಡಿ. ಕುಕ್ಕರಿನ ಸೀಟಿ ಎಣಿಸಬೇಕಾದವರಿಗೆ, ರಸ್ತೆ ಬದಿ ನಡೆಯುವವರಿಗೆ ಕಿವಿಯ ದ್ವಾರ ಮುಚ್ಚದ ಓಪನ್‌ಇಯರ್ ಮಾದರಿಯೇ ಸುರಕ್ಷಿತ.

2. ಕಿವಿಗೆ ಸರಿಯಾಗಿ ಕೂರದಿದ್ದರೆ ಉಳಿದ ಗುಣಗಳು ದಕ್ಕುವುದಿಲ್ಲ

ಇಯರ್‌ಬಡ್ ಮತ್ತು ಕಿವಿಯ ನಡುವೆ ಕೂದಲೆಳೆಯಷ್ಟು ಸಂದು ಉಳಿದರೂ ಮೊದಲು ಸೋರಿಹೋಗುವುದು ಬಾಸ್. ಅದೇ ಸಂದಿನಿಂದ ಹೊರಗಿನ ಸದ್ದು ಒಳಗೆ ಬರುತ್ತದೆ. ‘ಇದರಲ್ಲಿ ಬಾಸೇ ಇಲ್ಲ’ ಎಂದು ದೂರುವ ಬಹಳ ಮಂದಿಯ ತೊಂದರೆ ಇಷ್ಟೇ: ಪೆಟ್ಟಿಗೆಯಲ್ಲಿ ಮೂರು ಅಳತೆಯ ಸಿಲಿಕಾನ್ ಟಿಪ್ ಇದ್ದರೂ ಕಂಪನಿ ತೊಡಿಸಿ ಕಳಿಸಿದ ಮಧ್ಯದ್ದನ್ನೇ ಬಳಸುತ್ತಿರುತ್ತಾರೆ. ಮೂರನ್ನೂ ಹಾಕಿ ನೋಡಿ. ಎಡಗಿವಿ, ಬಲಗಿವಿಗಳ ಅಳತೆ ಒಂದೇ ಇರಬೇಕೆಂದಿಲ್ಲ. ಒಂದಕ್ಕೆ ಸಣ್ಣದು, ಇನ್ನೊಂದಕ್ಕೆ ಮಧ್ಯದ್ದು ಹೊಂದಬಹುದು.

ಪರೀಕ್ಷೆ ಸುಲಭ. ತಂಬೂರಿಯ ಶ್ರುತಿ ಹಾಕಿ ಬಡ್ಡನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಷಡ್ಜ ತುಂಬಿಕೊಂಡು, ಬಿಟ್ಟಾಗ ತೆಳುವಾದರೆ ಟಿಪ್ ಸರಿಯಾಗಿಲ್ಲ. ಆಮೇಲೆ ಐದು ನಿಮಿಷ ಮಾತಾಡಿ, ಏನಾದರೂ ಅಗಿಯಿರಿ. ದವಡೆ ಆಡಿದಾಗ ಜಾರುವ ಬಡ್ ಬಸ್ಸಿನ ಸೀಟಿನ ಕೆಳಗೇ ಸಿಗುವುದು. ಯಾವ ಸಿಲಿಕಾನೂ ಒಗ್ಗದ ಕಿವಿಗಳಿಗೆ ಫೋಮ್ ಟಿಪ್ ಬೇರೆಯಾಗಿ ಸಿಗುತ್ತದೆ. ಹಿಂಡಿ ತೂರಿಸಿದರೆ ಒಳಗೆ ಅರಳಿ ಕೂರುತ್ತದೆ.

ಓವರ್‌ಇಯರ್ ನೋಡುವಾಗ ನಿಮ್ಮ ದಿನನಿತ್ಯದ ವೇಷದಲ್ಲೇ ಅಂಗಡಿಗೆ ಹೋಗಿ. ಕನ್ನಡಕದ ಕಡ್ಡಿ, ಝುಮುಕಿ, ದಪ್ಪ ಜಡೆ, ಎಲ್ಲವೂ ಮೆತ್ತೆಯ ಹಿಡಿತವನ್ನು ಬದಲಿಸುತ್ತವೆ. 250 ಗ್ರಾಂ ತೂಕ ಮೊದಲ ಹತ್ತು ನಿಮಿಷ ಗೊತ್ತೇ ಆಗುವುದಿಲ್ಲ, ಮೂರನೇ ಗಂಟೆಯಲ್ಲಿ ನೆತ್ತಿ ಹೇಳುತ್ತದೆ. ಅಂಗಡಿಯವರು ಅವಸರ ಮಾಡಿದರೂ ಕಾಲು ಗಂಟೆ ತೊಟ್ಟುಕೊಂಡೇ ಇರಿ.

3. ಎಎನ್‌ಸಿ ಬೇರೆ, ಇಎನ್‌ಸಿ ಬೇರೆ

ನಾನು ಎಡವಿದ್ದು ಇಲ್ಲಿ. ಒಂದೇ ಅಕ್ಷರದ ವ್ಯತ್ಯಾಸ, ಕೆಲಸ ಮಾತ್ರ ಪೂರ್ತಿ ಬೇರೆ. ಇಎನ್‌ಸಿ ಇರುವುದು ಕರೆಯ ಮೈಕಿಗೆ. ನಿಮ್ಮ ಸುತ್ತಲ ಗದ್ದಲವನ್ನು ಸೋಸಿ ಆ ತುದಿಯಲ್ಲಿರುವವರಿಗೆ ನಿಮ್ಮ ಮಾತನ್ನು ತಿಳಿಯಾಗಿ ಕಳಿಸುತ್ತದೆ. ನಿಮ್ಮ ಕಿವಿಗೆ ಅದರಿಂದ ಎಳ್ಳಷ್ಟೂ ಮೌನ ಸಿಗುವುದಿಲ್ಲ. ನಿಮಗೆ ಮೌನ ಕೊಡುವುದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್.

ಎಂಐಟಿ ಪ್ರಾಧ್ಯಾಪಕ ಅಮರ್ ಬೋಸ್ 1978ರಲ್ಲಿ ಜ್ಯೂರಿಕ್‌ನಿಂದ ಅಮೆರಿಕಕ್ಕೆ ಹಾರುತ್ತಿದ್ದಾಗ ವಿಮಾನದ ಸದ್ದು ಅವರ ಹೆಡ್‌ಫೋನಿನ ಸಂಗೀತವನ್ನು ಕೆಡಿಸಿತು. ಅಲ್ಲೇ ಕೂತು ಲೆಕ್ಕ ಹಾಕತೊಡಗಿದರು. ಅವರ ಕಂಪನಿ ಪೈಲಟ್‌ಗಳ ಹೆಡ್‌ಸೆಟ್ಟನ್ನು ಮಾರುಕಟ್ಟೆಗೆ ತಂದದ್ದು 1989ರಲ್ಲಿ. ತತ್ತ್ವ ಇಂದಿಗೂ ಅದೇ. ಪುಟ್ಟ ಮೈಕುಗಳು ಹೊರಗಿನ ಸದ್ದನ್ನು ಹಿಡಿಯುತ್ತವೆ, ಒಳಗಿನ ಚಿಪ್ ಅದರ ತದ್ವಿರುದ್ಧ ಅಲೆಯನ್ನು ಹುಟ್ಟಿಸುತ್ತದೆ, ಉಬ್ಬೂ ತಗ್ಗೂ ಸೇರಿ ಸಮವಾಗುತ್ತವೆ.

ಒಂದೇ ಸಮನೆ ಮೊರೆಯುವ ತಗ್ಗುದನಿಗಳಿಗೆ ಈ ಉಪಾಯ ಚೆನ್ನಾಗಿ ಒಗ್ಗುತ್ತದೆ: ಬಸ್ಸಿನ ಇಂಜಿನ್, ರೈಲಿನ ಗುಡುಗುಡು, ಫ್ಯಾನು, ಎಸಿ. ಥಟ್ಟನೆ ಬರುವ ಹಾರ್ನು, ಮಗುವಿನ ಅಳು, ಪಕ್ಕದವರ ಮಾತು ಅಷ್ಟಾಗಿ ಅಳಿಯುವುದಿಲ್ಲ. ಅವನ್ನು ತಡೆಯುವುದು ಟಿಪ್ಪಿನ ಬಿಗಿಯೇ. ಹಾಗಾಗಿ ಎರಡನೇ ಸೂತ್ರ ಪಾಲಿಸದೆ ಮೂರನೆಯದಕ್ಕೆ ದುಡ್ಡು ಸುರಿದರೆ ಅರ್ಧ ಫಲವೂ ಸಿಗದು. ಕಡಿಮೆ ಬೆಲೆಯಲ್ಲಿ ಎಎನ್‌ಸಿ ಇದೆ ಎಂದು ಬರೆದಿದ್ದರೆ ನಂಬುವ ಮುಂಚೆ ಅಂಗಡಿಯ ಫ್ಯಾನಿನ ಕೆಳಗೆ ನಿಂತು ಹಾಕಿ, ಆರಿಸಿ, ಮತ್ತೆ ಹಾಕಿ ನೋಡಿ. ವ್ಯತ್ಯಾಸವನ್ನು ಹುಡುಕಬೇಕಾಗಿ ಬಂದರೆ ಅದಕ್ಕೆ ಹಣ ಕೊಡಬೇಡಿ.

4. ನಿಮ್ಮ ಹಾಡಿನಿಂದಲೇ ಅಳೆಯಿರಿ

ಅಂಗಡಿಯಲ್ಲಿ ಕೇಳಿಸುವ ಡೆಮೊ ಹಾಡು ಸಾಮಾನ್ಯವಾಗಿ ಢಂ ಢಂ ಎನ್ನುವಂಥದ್ದು. ಯಾವ ಹೆಡ್‌ಫೋನಿನಲ್ಲೂ ಅದು ಚೆನ್ನಾಗಿಯೇ ಕೇಳುತ್ತದೆ. ನಿಮಗೆ ಬಾಯಿಪಾಠವಾಗಿರುವ ಮೂರು ಧ್ವನಿಮುದ್ರಣಗಳನ್ನು ಫೋನಿನಲ್ಲಿ ಇಟ್ಟುಕೊಂಡು ಹೋಗಿ.

ನಾನು ಒಯ್ಯುವುದು ಇವು. ಒಂದು, ಗಂಗೂಬಾಯಿ ಹಾನಗಲ್ ಅವರ ಗಾಯನ. ಆ ಗಂಭೀರ ಕಂಠದ ಹಿಂದೆ ತಂಬೂರಿಯ ಜವಾರಿ ಬೇರೆಯಾಗಿ ಮಿಡಿಯಬೇಕು. ಬಾಸ್ ಉಬ್ಬಿಸಿದ ಹೆಡ್‌ಫೋನಿನಲ್ಲಿ ತಬಲಾದ ಎಡಗೈ ನಾದ ಊದಿಕೊಂಡು ಕಂಠವನ್ನೇ ನುಂಗಿಬಿಡುತ್ತದೆ. ಎರಡು, ಯಕ್ಷಗಾನದ ಒಂದು ಏರುಪದ. ಚಂಡೆಯ ಪೆಟ್ಟು ಚೂಪಾಗಿರಬೇಕು, ಆದರೆ ಕಿವಿಗೆ ಸೂಜಿ ಚುಚ್ಚಿದಂತಾಗಬಾರದು. ಅದರ ನಡುವೆಯೂ ಭಾಗವತರ ಒಂದೊಂದು ಅಕ್ಷರ ಬಿಡಿಯಾಗಿ ಕೇಳಬೇಕು. ಮೂರು, ಸಿ. ಅಶ್ವತ್ಥ್ ಹಾಡಿದ ಒಂದು ಭಾವಗೀತೆ. ಕನ್ನಡದ ಒತ್ತಕ್ಷರ, ಮಹಾಪ್ರಾಣಗಳು ಮಸುಕಾದರೆ ಆ ಹೆಡ್‌ಫೋನ್ ಸಿನಿಮಾ ಸಂಭಾಷಣೆಗೂ, ಪಾಡ್‌ಕಾಸ್ಟಿಗೂ ಆಗಿಬರುವುದಿಲ್ಲ.

ಎರಡು ಮಾದರಿಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಸಮವಾಗಿರಲಿ. ತುಸು ಜೋರಾಗಿರುವುದೇ ಒಳ್ಳೆಯದೆಂದು ನಮ್ಮ ಕಿವಿ ಯಾವಾಗಲೂ ತೀರ್ಪು ಕೊಡುತ್ತದೆ. ಡ್ರೈವರ್ ಎಷ್ಟು ಮಿಲಿಮೀಟರ್ ಎಂಬ ಸಂಖ್ಯೆಯನ್ನು ಮರೆತುಬಿಡಿ. ಚೆನ್ನಾಗಿ ಹದಗೊಳಿಸಿದ ಚಿಕ್ಕ ಡ್ರೈವರ್ ಹದತಪ್ಪಿದ ದೊಡ್ಡದನ್ನು ಸುಲಭವಾಗಿ ಸೋಲಿಸುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಈಕ್ವಲೈಜರ್ ಇದ್ದರೆ ಅದನ್ನು ಲಾಭವೆಂದೇ ಲೆಕ್ಕಹಾಕಿ.

5. ಕೊಡೆಕ್‌ಗೆ ಬೆಲೆ ತೆರುವ ಮುಂಚೆ ಫೋನ್ ನೋಡಿ

ಬ್ಲೂಟೂತ್ ಹಾಡನ್ನು ಕುಗ್ಗಿಸಿ ಕಳಿಸುತ್ತದೆ. ಕುಗ್ಗಿಸುವ ಆ ವಿಧಾನವೇ ಕೊಡೆಕ್. ಸಂಗೀತ ಕೇಳಿಸುವ ಬ್ಲೂಟೂತ್ ಹೆಡ್‌ಫೋನುಗಳಲ್ಲೆಲ್ಲ ಇರುವುದು ಎಸ್‌ಬಿಸಿ. ಐಫೋನ್ ಅದರ ಜೊತೆಗೆ ಎಎಸಿ ಬಳಸುತ್ತದೆ. ಸೋನಿಯ ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಸಾಗಿಸಬಲ್ಲದು, ಆದರೆ ಐಫೋನಿನಲ್ಲಿ ಅದು ಇಲ್ಲ. ಫೋನು, ಹೆಡ್‌ಫೋನು ಎರಡರಲ್ಲೂ ಇದ್ದರಷ್ಟೇ ಉಪಯೋಗ. ಅಲ್ಲದೆ ಯೂಟ್ಯೂಬ್‌ನ ಹಾಡು ನಿಮ್ಮ ಫೋನಿಗೆ ಬರುವ ಮುಂಚೆಯೇ ಕುಗ್ಗಿರುತ್ತದೆ. ಈ ಒಂದು ಹೆಸರಿಗಾಗಿ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಡಿ. ಆ ದುಡ್ಡು ಹಿಡಿತಕ್ಕೂ ಎಎನ್‌ಸಿಗೂ ಹೋಗಲಿ.

ಕೀಬೋರ್ಡ್ ನುಡಿಸುವವರು, ಮನೆಯಲ್ಲಿ ಧ್ವನಿಮುದ್ರಣ ಮಾಡುವವರು ಬ್ಲೂಟೂತನ್ನೇ ಬಿಡಿ. ಬೆರಳು ಒತ್ತಿದ ಮೇಲೆ ಸ್ವರ ಕೇಳುವುದರಲ್ಲಿ ತಾಳ ತಪ್ಪಿಸುವಷ್ಟು ವಿಳಂಬ ಇರುತ್ತದೆ. ಅವರಿಗೆ ತಂತಿಯೇ ಸರಿ.

6. ಬ್ಯಾಟರಿಯ ಗಂಟೆಗಳನ್ನು ಬಿಡಿಸಿ ಓದಿ

ಇಯರ್‌ಬಡ್ಸ್ ಪೆಟ್ಟಿಗೆಯ ಮೇಲಿನ 50 ಗಂಟೆ ಎಂದರೆ ಚಾರ್ಜಿಂಗ್ ಕೇಸ್ ಮತ್ತೆ ಮತ್ತೆ ತುಂಬಿಸುವುದನ್ನೂ ಸೇರಿಸಿದ ಮೊತ್ತ. ಒಮ್ಮೆ ತೊಟ್ಟರೆ ಎಷ್ಟು ಹೊತ್ತು, ಅದೂ ಎಎನ್‌ಸಿ ಹಾಕಿದಾಗ ಎಷ್ಟು ಹೊತ್ತು ಎಂದು ಕೇಳಿ. ಪುಟ್ಟ ಬಡ್‌ನೊಳಗಿನ ಲಿಥಿಯಂ ಬ್ಯಾಟರಿ ಬಳಸಿದಂತೆಲ್ಲ ಸವೆಯುತ್ತದೆ, ಬಹುತೇಕ ಮಾದರಿಗಳಲ್ಲಿ ಅದನ್ನು ಬದಲಿಸಲು ಆಗುವುದಿಲ್ಲ. ಇಂದು ನಿಮ್ಮ ಪ್ರಯಾಣಕ್ಕೆ ಸರಿಯಾಗಿ ಸಾಕಾಗುವ ಬ್ಯಾಟರಿ ಎರಡು ವರ್ಷದ ಮೇಲೆ ಸಾಲದಾಗುತ್ತದೆ. ಬಹುಕಾಲ ಬಾಳಬೇಕೆಂದರೆ ಮೆತ್ತೆ ಬದಲಿಸಬಹುದಾದ, 3.5 ಎಂಎಂ ಜ್ಯಾಕ್ ಇರುವ ಓವರ್‌ಇಯರ್ ಕೊಳ್ಳಿ. ಬ್ಯಾಟರಿ ಕೈಕೊಟ್ಟ ದಿನವೂ ತಂತಿ ಚುಚ್ಚಿ ಕೇಳಬಹುದಾದವು ಹಲವಿವೆ.

7. ಕರೆಯನ್ನು ಆ ತುದಿಯವರಿಂದ ಪರೀಕ್ಷಿಸಿ

ಮೈಕ್ ಹೇಗಿದೆಯೆಂದು ನಿಮಗೆ ಗೊತ್ತಾಗುವುದಿಲ್ಲ, ಆ ತುದಿಯಲ್ಲಿರುವವರಿಗೆ ಗೊತ್ತಾಗುತ್ತದೆ. ಅಂಗಡಿಯಿಂದ ಹೊರಬಂದು ಸಿಗ್ನಲ್ ಪಕ್ಕದಲ್ಲಿ ನಿಂತು ಮನೆಗೊಂದು ಕರೆ ಮಾಡಿ. ಲ್ಯಾಪ್‌ಟಾಪ್ ಮೀಟಿಂಗ್ ಶುರುವಾದ ಕೂಡಲೇ ಧ್ವನಿ ಹಳೆಯ ಲ್ಯಾಂಡ್‌ಲೈನಿನಂತೆ ಮಂಕಾದರೆ ಗಾಬರಿ ಬೇಡ. ಮೈಕ್ ತೆರೆದಾಗ ಬ್ಲೂಟೂತ್ ಕರೆಯ ವಿಧಾನಕ್ಕೆ ಹೊರಳಿ ಗುಣಮಟ್ಟ ಇಳಿಸುತ್ತದೆ. ಲ್ಯಾಪ್‌ಟಾಪಿನ ಮೈಕನ್ನೇ ಆರಿಸಿಕೊಂಡು ಹೆಡ್‌ಫೋನಿನಲ್ಲಿ ಬರೀ ಕೇಳಿದರೆ ಧ್ವನಿ ಮರಳುತ್ತದೆ.

8. ಫೋನೂ ಲ್ಯಾಪ್‌ಟಾಪೂ ಇದ್ದರೆ ಮಲ್ಟಿಪಾಯಿಂಟ್ ಕೇಳಿ ಪಡೆಯಿರಿ

ಎರಡಕ್ಕೂ ಒಟ್ಟಿಗೆ ಜೋಡಿಯಾಗಿರುವ ಸೌಲಭ್ಯ ಇದು. ಇಲ್ಲದಿದ್ದರೆ ದಿನಕ್ಕೆ ಹತ್ತು ಸಲ ಜೋಡಿಸಿ ಬಿಡಿಸುವ ಕೆಲಸ.

9. ಮಳೆಗೂ ಬೆವರಿಗೂ ಐಪಿ ಸಂಖ್ಯೆ

ಐಪಿಎಕ್ಸ್4 ಎಂದರೆ ಸಿಡಿಯುವ ಹನಿಗಳನ್ನು ತಾಳುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ. ನಡುವಿನ ಎಕ್ಸ್ ಎಂದರೆ ದೂಳಿನ ಪರೀಕ್ಷೆಯ ಅಂಕ ಕೊಟ್ಟಿಲ್ಲ ಎಂದಷ್ಟೇ. ಜಿಮ್ಮಿಗೆ ಮೊದಲನೆಯದು ಸಾಕು. ಆಗುಂಬೆ, ಸಾಗರದ ಕಡೆ ಮಳೆಗಾಲದಲ್ಲಿ ನಡೆಯುವವರು ಎರಡನೆಯದನ್ನು ನೋಡಲಿ. ಚಾರ್ಜಿಂಗ್ ಕೇಸಿಗೂ ಅದೇ ರಕ್ಷಣೆ ಇದೆಯೆಂದು ಭಾವಿಸಬೇಡಿ. ಒದ್ದೆ ಬಡ್ಡನ್ನು ಒರೆಸಿಯೇ ಒಳಗಿಡಿ.

10. ವಾಲ್ಯೂಮಿಗೆ ಗಡಿ ಹಾಕಿ, ಮಕ್ಕಳಿಗೆ ಇನ್ನೂ ಕೆಳಗೆ

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್ಲಿನಲ್ಲಿ ವಾರಕ್ಕೆ 40 ಗಂಟೆ. ಮಕ್ಕಳಿಗೆ ಅಷ್ಟೇ ಗಂಟೆ, ಆದರೆ 75 ಡೆಸಿಬಲ್ಲಿನಲ್ಲಿ. ಪ್ರತಿ 3 ಡೆಸಿಬಲ್ ಏರಿದಾಗ ಸುರಕ್ಷಿತ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗಾಗಿ 90 ಡೆಸಿಬಲ್ಲಿಗೆ ಉಳಿಯುವುದು ವಾರಕ್ಕೆ ಸುಮಾರು 4 ಗಂಟೆ ಮಾತ್ರ. ನನ್ನ ಧಾರವಾಡದ ಒಂದು ರಾತ್ರಿಯೂ ಅದರಲ್ಲಿ ಮುಗಿಯುವುದಿಲ್ಲ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಎಎನ್‌ಸಿಯನ್ನು ನಾನು ವಿಲಾಸವೆಂದು ಎಣಿಸದಿರುವುದು ಇದಕ್ಕೇ. 2021ರಲ್ಲಿ ಕೆಎಸ್‌ಆರ್‌ಟಿಸಿ ಬಸ್ಸಿನೊಳಗೆ ಫೋನಿನ ಸ್ಪೀಕರಿನಲ್ಲಿ ಜೋರಾಗಿ ಹಾಡು ಹಾಕಬಾರದೆಂದು ನಿರ್ಬಂಧಿಸಿತು, ಪಕ್ಕದವರಿಗೆ ಒಳ್ಳೆಯದಾಯಿತು. ನಮ್ಮ ಕಿವಿಯನ್ನು ಕಾಯುವ ಹೊಣೆ ನಮ್ಮದೇ. ಫೋನಿನ ಸೆಟ್ಟಿಂಗ್ಸಿನಲ್ಲಿ ವಾಲ್ಯೂಮ್ ಮಿತಿ ಇದ್ದರೆ ಇಂದೇ ಹಾಕಿ. ಮಗುವಿನ ಹೆಡ್‌ಫೋನಿನಿಂದ ಪಾಠ ನಿಮಗೂ ಕೇಳುತ್ತಿದ್ದರೆ ತಗ್ಗಿಸಿ. ಬೈಕ್ ಓಡಿಸುವಾಗ, ರೈಲು ಹಳಿ ದಾಟುವಾಗ ಎರಡೂ ಕಿವಿ ಖಾಲಿ ಇರಲಿ.

11. ಕೊಳ್ಳುವಾಗ ಹಿಂದಿರುಗಿಸುವ ದಾರಿಯನ್ನೂ ಕೊಳ್ಳಿ

ಎಂಆರ್‌ಪಿಯ ಮೇಲೆ ಗೀಟೆಳೆದು ತೋರಿಸುವ ರಿಯಾಯಿತಿಗೆ ಅರ್ಥವಿಲ್ಲ, ಇಂದಿನ ಬೆಲೆಗೆ ಏನು ಸಿಗುತ್ತದೆ ಎಂದಷ್ಟೇ ನೋಡಿ. ಹೊಸ ಮಾದರಿ ಬಂದಾಗ ಹಿಂದಿನದರ ಬೆಲೆಯ ಮೇಲೆ ಕಣ್ಣಿಡಿ. ಸೋನಿಯ ಓವರ್‌ಇಯರ್ ಮಾದರಿ 1000ಎಕ್ಸ್‌ಎಂ4 ಬಂದದ್ದು 2020ರಲ್ಲಿ. 2022ರಲ್ಲಿ ಎಕ್ಸ್‌ಎಂ5 ಬಂದ ಮೇಲೂ ಹಳೆಯದು ಮಾರಾಟದಲ್ಲೇ ಉಳಿಯಿತು, ಮಡಚಿ ಚೀಲಕ್ಕೆ ಹಾಕಬಹುದೆಂಬ ಕಾರಣಕ್ಕೆ ಅದನ್ನೇ ಬಯಸಿದವರೂ ಇದ್ದರು. ಪೆಟ್ಟಿಗೆಯ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ತಾಳೆ ಹಾಕಬಹುದು. ಸರ್ವಿಸ್ ಸೆಂಟರ್ ನಿಮ್ಮ ಜಿಲ್ಲೆಯಲ್ಲಿದೆಯೇ, ಒಂದು ಬಡ್ ಕಳೆದರೆ ಒಂದನ್ನೇ ಕೊಡುತ್ತಾರೆಯೇ, ಬದಲಿ ಮೆತ್ತೆ ಸಿಗುತ್ತದೆಯೇ ಎಂದು ಬಿಲ್ ಹಾಕಿಸುವ ಮುಂಚೆ ಕೇಳಿ.

ಆನ್‌ಲೈನಿನಲ್ಲಿ ತರಿಸಿದರೆ ರಿಟರ್ನ್ ಇದೆಯೋ, ರಿಪ್ಲೇಸ್‌ಮೆಂಟ್ ಮಾತ್ರವೋ ಎಂದು ಮೊದಲೇ ಓದಿಕೊಳ್ಳಿ. ಕಿವಿಗೆ ಹೊಂದದ ಮಾದರಿಗೆ ಬದಲಾಗಿ ಅದೇ ಮಾದರಿ ಮತ್ತೊಂದು ಬಂದರೆ ಪ್ರಯೋಜನವಿಲ್ಲ. ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಪೆಟ್ಟಿಗೆಯನ್ನು ಹರಿಯದೆ ಇಟ್ಟುಕೊಂಡು, ಅಷ್ಟರೊಳಗೆ ನಿಮ್ಮ ನಿಜವಾದ ಬಸ್ಸಿನಲ್ಲಿ, ನಿಜವಾದ ಅಡುಗೆಮನೆಯಲ್ಲಿ ಒಂದೆರಡು ದಿನ ಕೇಳಿ. ವಾಲ್ಯೂಮ್ ಅರ್ಧ ದಾಟದೆಯೇ ತಂಬೂರಿ ಕೇಳಿದರೆ ಇಟ್ಟುಕೊಳ್ಳಿ. ಇಳಿಯುವಾಗ ಕಿವಿ ನೊಂದರೆ ಮರುದಿನ ಬೆಳಿಗ್ಗೆಯೇ ಪ್ಯಾಕ್ ಮಾಡಿ ವಾಪಸ್ ಕಳಿಸಿ.