ಆಪ್ತಸಮಾಲೋಚಕರಲ್ಲಿ ಮೊದಲ ಭೇಟಿ: ರೈತರು ತಿಳಿದಿರಬೇಕಾದ ವಿಷಯಗಳು

ಬೆಳೆಗೆ ರೋಗ ಬಂದರೆ ಎಲೆ ಕಿತ್ತುಕೊಂಡು ಸಲಹೆ ಕೇಳಲು ಹೋಗುವ ರೈತರು, ತಮಗೇ ತಿಂಗಳುಗಟ್ಟಲೆ ನಿದ್ದೆ ಬಾರದಿದ್ದರೆ ಯಾರಲ್ಲಿಯೂ ಹೇಳಿಕೊಳ್ಳುವುದಿಲ್ಲ. ಸೋಲದೇವನಹಳ್ಳಿಯ ಸುತ್ತಮುತ್ತ ಮನಸ್ಸು ಕೆಡಲು ಕಾರಣಗಳಿಗೆ ಕೊರತೆಯಿಲ್ಲ. ನೆರೆಯ ಸೋಮಶೆಟ್ಟಿಹಳ್ಳಿ, ಗಾಣಿಗರಹಳ್ಳಿ ಸೇರಿದಂತೆ 17 ಗ್ರಾಮಗಳ ಜಮೀನಿಗೆ ಡಾ. ಶಿವರಾಮ ಕಾರಂತ ಬಡಾವಣೆಗಾಗಿ 2008ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು. ಸ್ವಾಧೀನ ಮುಂದುವರಿಸಲು ಸರ್ವೋಚ್ಚ ನ್ಯಾಯಾಲಯ ಆದೇಶಿಸಿದ್ದು 2018ರಲ್ಲಿ. ಹೊಲ ಉಳಿಯುವುದೋ ಹೋಗುವುದೋ ತಿಳಿಯದೆ ಹತ್ತು ವರ್ಷ ಕಳೆಯುವುದು ಸಾಮಾನ್ಯ ಸಂಗತಿಯಲ್ಲ. ಇದರ ಮೇಲೆ ಕೊಳವೆಬಾವಿಯ ಸಾಲ, ಭಾಗದ ಜಗಳ.

ಇಂಥ ಸಂದರ್ಭದಲ್ಲಿ ಖಾಸಗಿ ಆಪ್ತಸಮಾಲೋಚಕರನ್ನು ಕಾಣಬಹುದು. ಶುಲ್ಕ ಎಷ್ಟು, ಭೇಟಿ ಎಷ್ಟು ಹೊತ್ತು ಎಂದು ಫೋನಿನಲ್ಲೇ ಕೇಳಿ ಹೋಗಬೇಕು. ಸಾಮಾನ್ಯವಾಗಿ ಒಂದು ಭೇಟಿ 45ರಿಂದ 60 ನಿಮಿಷ ಇರುತ್ತದೆ. ಅವರ ಓದು, ತರಬೇತಿ ಏನೆಂದು ಕೇಳುವುದು ಅಗೌರವವಲ್ಲ; ಬಿತ್ತನೆ ಬೀಜದ ಚೀಲದ ಮೇಲಿನ ಚೀಟಿಯನ್ನು ನಾವು ಓದುವುದಿಲ್ಲವೇ? ಅಲ್ಪ ತರಬೇತಿಯವರೂ ಫಲಕ ಹಾಕಿಕೊಳ್ಳುವುದುಂಟು. ಚಿಕಿತ್ಸಾ ಮನೋವಿಜ್ಞಾನಿಗಳಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರಬೇಕು. ಒಂದೇ ಭೇಟಿಯಲ್ಲಿ ಗುಣಪಡಿಸುವೆನೆನ್ನುವವರಿಂದ ದೂರವಿರುವುದು ಲೇಸು.

ಮೊದಲ ದಿನ ಪರಿಹಾರ ನಿರೀಕ್ಷಿಸಬಾರದು. ಅಂದು ಪ್ರಶ್ನೆಗಳೇ ಹೆಚ್ಚು: ತೊಂದರೆ ಯಾವಾಗ ಆರಂಭವಾಯಿತು, ಊಟ ನಿದ್ದೆ ಹೇಗಿದೆ, ಕುಡಿತವಿದೆಯೇ, ಮನೆಯವರೊಡನೆ ಹೇಗಿದ್ದೀರಿ. ಸಾಯುವ ಯೋಚನೆ ಬಂದಿದೆಯೇ ಎಂದೂ ನೇರವಾಗಿ ಕೇಳುತ್ತಾರೆ. ಹೀಗೆ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬುದು ತಪ್ಪು ತಿಳಿವಳಿಕೆ. ಇದ್ದುದನ್ನು ಇದ್ದಂತೆ ಹೇಳಬೇಕು. ಮನೆಯಲ್ಲಿ ಕೀಟನಾಶಕ ಇಟ್ಟಿದ್ದರೆ ಅದನ್ನೂ ತಿಳಿಸಬೇಕು. ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಮನೆಯ ಬೇರೊಬ್ಬರ ಬಳಿ ಕೊಡುವ ಈ ಸಣ್ಣ ಕೆಲಸ ಜೀವ ಉಳಿಸಬಹುದು. ಆ ಕ್ಷಣದ ಆವೇಗ ಕಳೆಯುವವರೆಗೆ ವಿಷ ಕೈಗೆ ಸಿಗಬಾರದು, ಅಷ್ಟೆ.

ಹೇಳಿದ ಮಾತು ಊರಿಗೆಲ್ಲ ತಿಳಿಯುವುದೆಂಬ ಭಯ ಸಹಜ. ಸಮಾಲೋಚಕರು ಗುಟ್ಟು ಕಾಯಬೇಕು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ ರೋಗಿಗೆ ಗೋಪ್ಯತೆಯ ಹಕ್ಕು ನೀಡಿದೆ. ಜೀವಕ್ಕೆ ಅಪಾಯವಿದ್ದರೆ ಮಾತ್ರ ಮನೆಯವರಿಗೆ ತಿಳಿಸಬೇಕಾಗಬಹುದು. ಈ ಮಿತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಮಾತಾಡಿ ಬಂದ ದಿನ ಮನಸ್ಸು ಇನ್ನಷ್ಟು ಭಾರವೆನಿಸಬಹುದು. ಅದರಿಂದ ಹೆದರಿ ಬಿಡದೆ, ಮೂರು ನಾಲ್ಕು ಸಲ ಹೋದ ಮೇಲೆ ಪ್ರಯೋಜನ ನೋಡಬೇಕು. ಹೊಂದದಿದ್ದರೆ ಬೇರೆಯವರನ್ನು ಕಾಣಬಹುದು.

ಸಮಾಲೋಚಕರು ಸಾಲ ತೀರಿಸಲಾರರು, ಔಷಧಿ ಬರೆದುಕೊಡಲಾರರು. ಇಲ್ಲದ ದನಿ ಕೇಳಿಸುತ್ತಿದ್ದರೆ ಮನೋವೈದ್ಯರನ್ನೇ ಕಾಣಬೇಕು. ದಿನವೂ ಕುಡಿಯುತ್ತಿದ್ದವರು ಥಟ್ಟನೆ ಬಿಟ್ಟು ನಡುಕ, ಫಿಟ್ಸ್ ಬಂದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಖಾಸಗಿ ಶುಲ್ಕ ಭರಿಸಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.