ಆಂಪ್ಲಿಫೈಯರ್ ಬದಲಿಸುವ ಮುನ್ನ ಅರ್ತಿಂಗ್ ನೋಡಿ

ಕಾಪುವಿನ ದೀಪಸ್ತಂಭದ ಬಳಿ ಅರ್ಧ ದಿನ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಬೆರಳಾಡಿಸಿದರೆ ಅಂಟಂಟು ಪದರ ಸಿಗುತ್ತದೆ. ಅದು ಕಡಲ ಗಾಳಿ ತಂದ ಉಪ್ಪು. ಇದೇ ಉಪ್ಪು ಡಿಕ್ಕಿಯೊಳಗಿನ ತಾಮ್ರದ ತಂತಿಯ ತುದಿಗೂ ತಗಲುತ್ತದೆ. ಕೆಲವು ಮಳೆಗಾಲ ಕಳೆದಾಗ ತಂತಿಗೆ ಹಸಿರು ಕಿಲುಬು, ಬೋಲ್ಟಿಗೆ ತುಕ್ಕು. ಒಂದು ದಿನ ಬಾಸ್ ನಿಂತು, ಆಂಪ್ಲಿಫೈಯರ್‌ನಲ್ಲಿ ಕೆಂಪು ದೀಪ ಉರಿಯುತ್ತದೆ.

‘ಆಂಪ್ ಹೋಯಿತು’ ಎಂದು ಹೊಸದಕ್ಕೆ ದುಡ್ಡು ಹೊಂದಿಸುವ ಮುನ್ನ ಮಲ್ಟಿಮೀಟರ್ ಹಿಡಿದು ಅರ್ಧ ಗಂಟೆ ಕೂತರೆ ನಷ್ಟವಿಲ್ಲ. ತೊಂದರೆ ಬರೀ ಜೋಡಣೆಯಲ್ಲೇ ಇರಬಹುದು.

ಮೊದಲು ಓಮ್ ಲೆಕ್ಕ

ಸಬ್‌ವೂಫರ್‌ನ ಹಿಂಬದಿಯಲ್ಲಿ ಎರಡು ಜೊತೆ ಟರ್ಮಿನಲ್ ಇದ್ದರೆ ಅದು ಎರಡು ಕಾಯಿಲ್‌ನದು. ಪ್ರತಿ ಕಾಯಿಲ್ 4 ಓಮ್ ಎಂದುಕೊಳ್ಳಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಸೇರಿಸಿದರೆ (ಪ್ಯಾರಲಲ್) 2 ಓಮ್. ಒಂದರ ಮೈನಸ್ಸನ್ನು ಇನ್ನೊಂದರ ಪ್ಲಸ್‌ಗೆ ಕೊಟ್ಟರೆ (ಸೀರೀಸ್) 8 ಓಮ್. ಇಂಥ ಎರಡು ಸಬ್‌ವೂಫರ್‌ಗಳ ನಾಲ್ಕೂ ಕಾಯಿಲ್ ಪ್ಯಾರಲಲ್ ಆದರೆ 1 ಓಮ್‌ಗೆ ಇಳಿಯುತ್ತದೆ. 2 ಓಮ್‌ವರೆಗೆ ಮಾತ್ರ ತಾಳುವ ಆಂಪ್‌ಗೆ ಇದನ್ನು ಕೊಟ್ಟರೆ ಬಿಸಿಯಾಗಿ ಕೆಡುತ್ತದೆ. ಎರಡು ಚಾನೆಲ್ ಸೇರಿಸಿ ಬ್ರಿಜ್ ಮಾಡುವಾಗ ಹೆಚ್ಚಿನ ಆಂಪ್‌ಗಳು ಕೇಳುವುದು 4 ಓಮ್. ಡಬ್ಬಿಯ ಮೇಲಿನ ಈ ಸಂಖ್ಯೆ ನೋಡದೆ ತಂತಿ ಸಿಕ್ಕಿಸಬಾರದು.

ಮೀಟರ್‌ನಲ್ಲಿ 4 ಓಮ್ ಕಾಯಿಲ್ 3.2ರಿಂದ 3.8ರ ನಡುವೆ ತೋರಿಸಿದರೆ ಸರಿಯಿದೆ. ಸೊನ್ನೆಯ ಹತ್ತಿರ ಬಂದರೆ ಶಾರ್ಟ್. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ.

ಜೋಡಿಸುವ ಕ್ರಮ

1. ಕೆಲಸಕ್ಕೆ ಮುನ್ನ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ.

2. ಪವರ್ ವೈರ್‌ನ ದಪ್ಪ ಲೆಕ್ಕ ಹಾಕಿ. 500 ವಾಟ್ ಆರ್‌ಎಂಎಸ್‌ನ ಕ್ಲಾಸ್ ಡಿ ಆಂಪ್ ಪೂರ್ಣ ದನಿಯಲ್ಲಿ ಸುಮಾರು 45 ಆಂಪಿಯರ್ ಎಳೆಯುತ್ತದೆ. ಅದಕ್ಕೆ 4 ಗೇಜ್‌ನ ಶುದ್ಧ ತಾಮ್ರದ ವೈರ್ ಬೇಕು. ಅಗ್ಗದ ಕಿಟ್‌ಗಳಲ್ಲಿ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ಬರುತ್ತದೆ. ಅಷ್ಟೇ ದಪ್ಪವಿದ್ದರೂ ಅದು ಒಯ್ಯುವ ಕರೆಂಟ್ ಕಡಿಮೆ. ತುದಿಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಬೇಡವೆನ್ನಿ.

3. ಬ್ಯಾಟರಿಯಿಂದ 45 ಸೆಂಟಿಮೀಟರ್‌ನೊಳಗೆ ಫ್ಯೂಸ್ ಇರಲೇಬೇಕು. ತಂತಿ ಎಲ್ಲಾದರೂ ಬಾಡಿಗೆ ಉಜ್ಜಿ ಶಾರ್ಟ್ ಆದರೆ ಕಾರಿಗೆ ಬೆಂಕಿ ತಗಲದಂತೆ ತಡೆಯುವುದು ಅದೊಂದೇ. ಮಣಿಪಾಲದ ವಿದ್ಯಾರ್ಥಿಗಳು ಆಂಪ್ ಸಮೇತ ಹಳೆಯ ಕಾರು ಕೊಳ್ಳುವಾಗ ಬಾನೆಟ್ ಎತ್ತಿ ಮೊದಲು ನೋಡಬೇಕಾದದ್ದು ಈ ಫ್ಯೂಸ್.

4. ಅರ್ತಿಂಗ್‌ಗೆ ಬಾಡಿಯ ಬಣ್ಣ ಕೆರೆದು, ಹೊಳೆಯುವ ಲೋಹಕ್ಕೆ ಲಗ್ ಬಿಗಿಯಿರಿ. ವೈರ್ ಪವರ್ ವೈರ್‌ನಷ್ಟೇ ದಪ್ಪ, 45 ಸೆಂಟಿಮೀಟರ್‌ಗಿಂತ ಗಿಡ್ಡ ಇರಲಿ. ಸೀಟ್‌ಬೆಲ್ಟ್‌ನ ಬೋಲ್ಟ್ ಮುಟ್ಟಬೇಡಿ. ಬಿಗಿದ ಮೇಲೆ ಗ್ರೀಸ್ ಸವರಿ. ಉಪ್ಪು, ತೇವ ಒಳಹೋಗದು.

5. ಪವರ್ ವೈರ್ ಕಾರಿನ ಒಂದು ಬದಿ, ಸ್ಟೀರಿಯೋದಿಂದ ದನಿ ತರುವ ಆರ್‌ಸಿಎ ಕೇಬಲ್ ಇನ್ನೊಂದು ಬದಿ. ಒಟ್ಟಿಗೆ ಎಳೆದರೆ ಎಂಜಿನ್‌ನ ಕೀರಲು ದನಿ ಸ್ಪೀಕರ್‌ಗೆ ಬರಬಹುದು.

ಕೆಂಪು ದೀಪ ಉರಿದಾಗ

ಆಂಪ್ ಆಫ್ ಮಾಡಿ ಸ್ಪೀಕರ್ ವೈರ್ ಬಿಚ್ಚಿ, ಮತ್ತೆ ಆನ್ ಮಾಡಿ. ದೀಪ ಹಸಿರಾದರೆ ದೋಷ ಸಬ್‌ವೂಫರ್‌ನದೋ ಅದರ ವೈರ್‌ನದೋ. ಇನ್ನೂ ಕೆಂಪೇ ಇದ್ದರೆ ಆರ್‌ಸಿಎ ಕಳಚಿ. ಪವರ್, ಅರ್ತಿಂಗ್, ರಿಮೋಟ್ ವೈರ್ (ಸ್ಟೀರಿಯೋದಿಂದ ಬಂದು ಆಂಪ್ ಆನ್ ಮಾಡುವ ತಂತಿ) ಮೂರೇ ಇದ್ದಾಗಲೂ ಕೆಂಪು ಹೋಗದಿದ್ದರೆ ಮಾತ್ರ ಆಂಪ್‌ನ ಒಳಗೇ ತೊಂದರೆ ಎನ್ನಬಹುದು.

ದೀಪವೇ ಉರಿಯದಿದ್ದರೆ ಫ್ಯೂಸ್ ನೋಡಿ, ರಿಮೋಟ್ ವೈರ್‌ನಲ್ಲಿ 12 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಫ್ಯೂಸ್ ಹಾಕಿದಾಕ್ಷಣ ಹಾರಿದರೆ ದೊಡ್ಡ ಫ್ಯೂಸ್ ಹಾಕುವುದು ಅಪಾಯ. ವೈರ್ ಎಲ್ಲೂ ಬಾಡಿಗೆ ತಗಲಿಲ್ಲವೆಂದು ಖಚಿತವಾದರೆ, ಒಳಗಿನ ಮಾಸ್‌ಫೆಟ್ (ಪವರ್ ಟ್ರಾನ್ಸಿಸ್ಟರ್) ಶಾರ್ಟ್ ಆಗಿರುವ ಸಾಧ್ಯತೆ ಹೆಚ್ಚು. ಒಂದನ್ನೇ ಬದಲಿಸಿದರೆ ರಿಪೇರಿ ಬಾಳುವುದಿಲ್ಲ. ಆ ಸಾಲಿನ ಎಲ್ಲವನ್ನೂ ಬದಲಿಸುವಂತೆ ಮೆಕ್ಯಾನಿಕ್‌ಗೆ ಹೇಳಿ.

ಬಾಸ್ ಜೋರಾದಾಗಲಷ್ಟೇ ಆಂಪ್ ನಿಲ್ಲುತ್ತಿದ್ದರೆ ಅರ್ತಿಂಗ್ ಮೇಲೆ ಸಂಶಯವಿರಲಿ. ಎಂಜಿನ್ ಚಾಲೂ ಇಟ್ಟು ಮೀಟರನ್ನು ಡಿಸಿ ವೋಲ್ಟ್‌ಗೆ ತಿರುಗಿಸಿ. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಆಂಪ್‌ನ ಅರ್ತಿಂಗ್ ಟರ್ಮಿನಲ್‌ಗೆ (ಬೇಕಾದರೆ ಉದ್ದ ವೈರ್ ಸೇರಿಸಿಕೊಳ್ಳಿ). ಬಾಸ್ ಬಡಿಯುವಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಲಗ್ ಬಿಚ್ಚಿ, ಕಿಲುಬು ಉಜ್ಜಿ, ಮತ್ತೆ ಬಿಗಿಯಿರಿ. ‘ಸತ್ತ’ ಆಂಪ್ ಇಷ್ಟಕ್ಕೇ ಎದ್ದು ಕೂರುವುದುಂಟು.

ಗೇನ್ ಎಂದರೆ ವಾಲ್ಯೂಮ್ ಅಲ್ಲ

ಗೇನ್ ಪೂರ್ತಿ ತಿರುಗಿಸಿದರೆ ದನಿಯ ಅಲೆ ತುದಿಯಲ್ಲಿ ಕತ್ತರಿಸಿ ಹೋಗಿ, ಕಾಯಿಲ್ ಸುಡುತ್ತದೆ. ಅಳತೆ ಹೀಗೆ: ವಾಟ್ ಮತ್ತು ಓಮ್ ಗುಣಿಸಿ, ವರ್ಗಮೂಲ ತೆಗೆಯಿರಿ. 300 ವಾಟ್, 2 ಓಮ್‌ಗೆ 24.5 ವೋಲ್ಟ್. ಸ್ಪೀಕರ್ ಬಿಚ್ಚಿ, ಸ್ಟೀರಿಯೋದ ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಸ್‌ನ ಟೋನ್ ಹಾಕಿ. ಮೀಟರ್‌ನ ಎಸಿ ವೋಲ್ಟ್ ಆ ಅಂಕಿ ಮುಟ್ಟುವವರೆಗೆ ಮಾತ್ರ ಗೇನ್ ಏರಿಸಿ.

ದನಿಗೆ ಕಾನೂನಿನ ಮಿತಿಯೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್. ಶಾಂತ ವಲಯದಲ್ಲಿ 50 ಮತ್ತು 40. ಉಡುಪಿ, ಮಣಿಪಾಲದ ಆಸ್ಪತ್ರೆಗಳ ರಸ್ತೆಯಲ್ಲಿ ಗಾಜು ಏರಿಸಿ, ದನಿ ತಗ್ಗಿಸುವುದು ಒಳಗೆ ಮಲಗಿದವರಿಗೆ ತೋರುವ ಕನಿಷ್ಠ ಕಾಳಜಿ.

ಮಳೆಗಾಲಕ್ಕೆ ಮುನ್ನ

ಕಾರ್ಕಳದಂತೆ ಘಟ್ಟದ ಬುಡದ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುತ್ತಲೇ ಇರುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಸವೆದರೆ ನೀರು ಸ್ಟೆಪ್ನಿ ಗುಂಡಿಗೆ ಇಳಿಯುತ್ತದೆ. ಸೀಟಿನ ಕೆಳಗೆ ಆಂಪ್ ಇಟ್ಟರೆ ಒದ್ದೆ ಮ್ಯಾಟ್‌ನ ತೇವ ಅದಕ್ಕೇ. ಹಲಗೆಯ ಮೇಲೆ ನೆಲದಿಂದ ಎತ್ತರಿಸಿ, ಸುತ್ತ ಗಾಳಿಯಾಡುವಂತೆ ಕೂರಿಸಿ. ಮೇ ಕೊನೆಗೊಮ್ಮೆ, ದೀಪಾವಳಿಗೊಮ್ಮೆ ಸ್ಟೆಪ್ನಿ ಎತ್ತಿ ನೀರು ನಿಂತಿದೆಯೇ ನೋಡಿ. ಅರ್ತಿಂಗ್ ಬೋಲ್ಟಿಗೆ ಪಾನಾ ಹಾಕಿ ಬಿಗಿ ನೋಡಿಕೊಂಡು, ಗ್ರೀಸ್ ಒರೆಸಿ ಹೊಸದು ಸವರಿ.