ಒಂದೇ ಲೆಕ್ಕ ಎರಡು ಕಡೆ ಬೇಡ

ಬೈಲಹೊಂಗಲದ ನಮ್ಮ ಮಾಮೂ ಅಂಗಡಿಯಲ್ಲಿ ಮಾಲಿನ ರೇಟು ಎರಡು ವಹಿಗಳಲ್ಲಿತ್ತು. ಒಂದನ್ನು ತಿದ್ದಿದರು, ಇನ್ನೊಂದನ್ನು ಮರೆತರು. ಗಿರಾಕಿಗೆ ಹಳೆಯ ರೇಟಿನಲ್ಲೇ ಮಾಲು ಹೋಯಿತು. ಕಂಪ್ಯೂಟರಿನಲ್ಲೂ ಹೀಗಾಗುತ್ತದೆ.

ಚಿಪ್ಪಿನ ಒಂದೇ ಪಿನ್ ಹಲವು ಕೆಲಸ ಮಾಡಬಲ್ಲದು. ರಾಸ್ಪ್‌ಬೆರಿ ಪೈ ಬೋರ್ಡಿನ ಜಿಪಿಐಒ 14 ದೀಪವನ್ನೂ ಹೊತ್ತಿಸಬಹುದು, ಸೀರಿಯಲ್ ಮಾಹಿತಿಯನ್ನೂ ಕಳಿಸಬಹುದು. ಯಾವ ಕೆಲಸವೆಂದು ಲಿನಕ್ಸ್‌ಗೆ ತಿಳಿಸುವುದು ‘ಡಿವೈಸ್ ಟ್ರೀ’ ಕಡತ. ಚಿಪ್ಪಿನ ಸಾಮಾನ್ಯ ಕಡತದಲ್ಲಿದ್ದದ್ದನ್ನೇ ಬೋರ್ಡಿನ ಕಡತದಲ್ಲಿ ಮತ್ತೆ ಬರೆದರೆ, ಕೊನೆಗೆ ಬರೆದದ್ದೇ ನಡೆಯುತ್ತದೆ. ಮುಂದೆ ಸಾಮಾನ್ಯ ಕಡತವನ್ನು ತಿದ್ದಿದರೂ ಆ ಬೋರ್ಡಿಗೆ ಮುಟ್ಟುವುದಿಲ್ಲ.

ಆದ್ದರಿಂದ ಬೋರ್ಡಿನ ಕಡತದಿಂದ ಹೆಚ್ಚುವರಿ ಸಾಲನ್ನು ತೆಗೆಯಬೇಕು. ತೆಗೆಯುವ ಮೊದಲೊಮ್ಮೆ, ಆಮೇಲೊಮ್ಮೆ ‘ಡಿಟಿಸಿ’ಯಿಂದ ಕಂಪೈಲ್ ಮಾಡಿ ತಾಳೆ ನೋಡಿ. ಎರಡೂ ಒಂದೇ ಆಗಿದ್ದರೆ ಸಾಲು ಹೆಚ್ಚುವರಿಯೇ. ಬೇರೆಯಾದರೆ ಅದು ಬೇಕಾದದ್ದು, ಮರಳಿ ಸೇರಿಸಿ.